ಹೋಗದ ಮೇಲ್: ಒಂದು ಪೋಸ್ಟ್‌ಫಿಕ್ಸ್ ಸರ್ವರ್ ರಿಪೇರಿಯ ದಿನಚರಿ

ಡೆಬಿಯನ್ ಲಿನಕ್ಸ್ ಮೇಲೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಜೊತೆಗೆ ಹೊರಹೋಗುವ ಮೇಲ್‌ಗೆ ಡಿಜಿಟಲ್ ಸಹಿ (ಡಿಕಿಮ್) ಹಾಕುವ ಓಪನ್‌ಡಿಕಿಮ್, ಒಂದೇ ಡೊಮೇನ್. ಹೊರಗಿನಿಂದ ಮೇಲ್ ಸರಿಯಾಗಿ ಬರುತ್ತಿದೆ, ಇಲ್ಲಿಂದ ಹೋಗುತ್ತಿಲ್ಲ. ಬರಹದಲ್ಲಿ ಡೊಮೇನ್‌ಗೆ ಎಕ್ಸಾಂಪಲ್.ಕಾಮ್ ಎಂದೂ ಐಪಿಗೆ 192.0.2 ಸಾಲಿನ ವಿಳಾಸಗಳನ್ನೂ ಹಾಕಿದೆ. ಎರಡೂ ಉದಾಹರಣೆಗೆಂದೇ ಮೀಸಲಾದವು.

ದಿನ 1: ಕ್ಯೂ, ಆಮೇಲೆ ಲಾಗ್

ಮೇಲ್ ಆ್ಯಪ್ “ಸೆಂಟ್” ಎಂದು ತೋರಿಸಿದರೆ ಅದರ ಅರ್ಥ ಇಷ್ಟೇ: 587ನೇ ಪೋರ್ಟಿನಲ್ಲಿ ನಮ್ಮ ಸರ್ವರ್ ಅದನ್ನು ತೆಗೆದುಕೊಂಡಿದೆ. ಅಲ್ಲಿಂದ ಮುಂದಿನದು ಆ್ಯಪ್‌ಗೆ ಗೊತ್ತಿಲ್ಲ. ಹಾಗಾಗಿ ಮೊದಲ ಕಮಾಂಡ್ ಕ್ಯೂ, ಅಂದರೆ ಹೋಗಲು ಕಾದಿರುವ ಮೇಲ್‌ಗಳ ಸಾಲನ್ನು ತೋರಿಸುವ “ಪೋಸ್ಟ್‌ಕ್ಯೂ -ಪಿ”. ಕ್ಯೂ ಐಡಿಯ ಪಕ್ಕ ನಕ್ಷತ್ರ ಇದ್ದರೆ ಆ ಮೇಲ್ ಈಗ ರವಾನೆಯ ಸರದಿಯಲ್ಲಿದೆ, ಆಶ್ಚರ್ಯಸೂಚಕ ಇದ್ದರೆ ಯಾರೋ ತಡೆಹಿಡಿದಿದ್ದಾರೆ, ಏನೂ ಇಲ್ಲದಿದ್ದರೆ ಒಮ್ಮೆಯಾದರೂ ಪ್ರಯತ್ನಿಸಿ ಸೋತು ಮುಂದಕ್ಕೆ ಹಾಕಿದ್ದು. ಇಲ್ಲಿದ್ದವೆಲ್ಲ ಮೂರನೆಯ ಬಗೆಯವು.

ಕಾರಣ ಲಾಗ್‌ನಲ್ಲೇ ಇರುತ್ತದೆ. ಡೆಬಿಯನ್‌ನಲ್ಲಿ /ವರ್/ಲಾಗ್/ಮೇಲ್.ಲಾಗ್, ಫ್ರೀಬಿಎಸ್‌ಡಿ ಮತ್ತು ರೆಡ್‌ಹ್ಯಾಟ್ ಕಡೆಯವುಗಳಲ್ಲಿ /ವರ್/ಲಾಗ್/ಮೇಲ್‌ಲಾಗ್. ಒಂದು ಕ್ಯೂ ಐಡಿ ಹಿಡಿದು ಗ್ರೆಪ್‌ನಿಂದ ಹುಡುಕಿದಾಗ ಸಿಕ್ಕ ಸಾಲಿನ ಮುಖ್ಯ ಭಾಗ:

ರಿಲೇ=ನನ್, ಡಿಲೇ=30, ಡಿಲೇಸ್=0.1/0.02/30/0, ಡಿಎಸ್‌ಎನ್=4.4.1, ಸ್ಟೇಟಸ್=ಡಿಫರ್ಡ್ (ಕನೆಕ್ಟ್ ಟು 192.0.2.40:25: ಕನೆಕ್ಷನ್ ಟೈಮ್ಡ್ ಔಟ್)

ಹೆಚ್ಚಿನವರು ಕೊನೆಯ ಕಂಸ ಮಾತ್ರ ಓದಿ ಬಿಡುತ್ತಾರೆ. “ಡಿಲೇಸ್” ಎಂಬ ನಾಲ್ಕು ಅಂಕಿಗಳಲ್ಲಿ ಅದಕ್ಕಿಂತ ಹೆಚ್ಚು ಮಾಹಿತಿ ಇದೆ. ಮೊದಲನೆಯದು ಕ್ಯೂ ಮ್ಯಾನೇಜರ್ ಕೈಗೆ ಬರುವ ಮುಂಚಿನ ಸಮಯ, ಎರಡನೆಯದು ಅದರ ಕೈಯಲ್ಲಿ ಕಳೆದದ್ದು, ಮೂರನೆಯದು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು), ಹೆಲೋ (ಸರ್ವರ್ ತನ್ನ ಹೆಸರು ಹೇಳುವುದು), ಟಿಎಲ್‌ಎಸ್ (ಗೂಢಲಿಪೀಕರಣ) ಸೇರಿ ಕನೆಕ್ಷನ್ ಕಟ್ಟಲು ಹಿಡಿದದ್ದು, ನಾಲ್ಕನೆಯದು ಮೇಲ್ ದಾಟಿಸಲು ಹಿಡಿದದ್ದು. ಇಲ್ಲಿ ಇಡೀ ಹೊರೆ ಮೂರನೆಯದರ ಮೇಲೆ, ಅದೂ ಕರಾರುವಾಕ್ಕಾಗಿ 30 ಸೆಕೆಂಡ್. ಪೋಸ್ಟ್‌ಫಿಕ್ಸ್‌ನ “ಎಸ್‌ಎಂಟಿಪಿ_ಕನೆಕ್ಟ್_ಟೈಮ್‌ಔಟ್” ಡೀಫಾಲ್ಟ್ 30 ಸೆಕೆಂಡೇ. ಅಂದರೆ ಆ ಕಡೆಯಿಂದ ಹೌದು ಎಂದೂ ಬಂದಿಲ್ಲ, ಇಲ್ಲ ಎಂದೂ ಬಂದಿಲ್ಲ. “ಕನೆಕ್ಷನ್ ರೆಫ್ಯೂಸ್ಡ್” ಬಂದಿದ್ದರೆ ಬಾಗಿಲ ತನಕ ಹೋಗಿ ಬಂದಂತೆ. ಟೈಮ್‌ಔಟ್ ಎಂದರೆ ದಾರಿಯಲ್ಲೇ ಯಾರೋ ಪ್ಯಾಕೆಟ್ ನುಂಗುತ್ತಿದ್ದಾರೆ.

ಖಾತ್ರಿಗೆ ಎರಡು ಪರೀಕ್ಷೆ. “ಎನ್‌ಸಿ -ವಿಝಡ್” ಬಳಸಿ ಬೇರೆ ಬೇರೆ ಸಂಸ್ಥೆಗಳ ಮೂರು ಎಂಎಕ್ಸ್‌ಗಳ (ಮೇಲ್ ಸ್ವೀಕರಿಸುವ ಸರ್ವರ್‌ಗಳ) 25ನೇ ಪೋರ್ಟ್, ಅಂದರೆ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ಬಾಗಿಲು, ತಟ್ಟಿದ್ದು: ಮೂರೂ ಮೌನ. ಅದೇ ಮಷೀನಿನಿಂದ 443 (ವೆಬ್ ಪೋರ್ಟ್) ಸಲೀಸು. ಜೊತೆಗೆ ಪ್ಯಾಕೆಟ್‌ಗಳನ್ನು ತೋರಿಸುವ “ಟಿಸಿಪಿಡಂಪ್” ಹಾಕಿ ನೋಡಿದರೆ ಕನೆಕ್ಷನ್ ಕೇಳುವ ಸಿನ್ ಪ್ಯಾಕೆಟ್ ಹೊರಗೆ ಹೋಗುತ್ತಿದೆ, ಉತ್ತರ ಇಲ್ಲ. ಹೊರಗೆ ಹೋಗುತ್ತಿದೆ ಎಂದ ಮೇಲೆ ಸರ್ವರ್‌ನ ಸ್ವಂತ ಫೈರ್‌ವಾಲ್ ತಪ್ಪಿತಸ್ಥನಲ್ಲ. ಬಾಡಿಗೆ ಸರ್ವರ್ ಕೊಡುವ ಹಲವರು ಸ್ಪ್ಯಾಮ್ ಭಯಕ್ಕೆ ಹೊರಹೋಗುವ 25ನ್ನು ಮುಚ್ಚಿಯೇ ಕೊಡುತ್ತಾರೆ. ಟಿಕೆಟ್ ಹಾಕಿದರೆ ತೆಗೆಯುವವರೂ ಇದ್ದಾರೆ, ತೆಗೆಯದವರೂ ಇದ್ದಾರೆ. ಟಿಕೆಟ್ ಹಾಕಿದೆ.

ತೆಗೆಯದಿದ್ದರೆ ಉಳಿಯುವುದು ರಿಲೇ, ಅಂದರೆ ಬೇರೊಂದು ಸರ್ವರ್ ಮೂಲಕ ಕಳಿಸುವುದು. “ರಿಲೇಹೋಸ್ಟ್” ಸಾಲಿನಲ್ಲಿ ಹೆಸರನ್ನು ಚೌಕ ಕಂಸದೊಳಗೆ ಬರೆದು ಮುಂದೆ :587 ಹಾಕಬೇಕು. ಕಂಸ ಬಿಟ್ಟರೆ ಪೋಸ್ಟ್‌ಫಿಕ್ಸ್ ಆ ಹೆಸರಿಗೆ ಎಂಎಕ್ಸ್ ಹುಡುಕಿ ಬೇರೆಲ್ಲೋ ಹೋಗಿ ಬಡಿಯಬಹುದು. ಪಾಸ್‌ವರ್ಡ್ ಫೈಲಿನಲ್ಲೂ ಅದೇ ಹೆಸರು ಕಂಸ, ಪೋರ್ಟ್ ಸಮೇತ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಲಾಗಿನ್ ಪ್ರಯತ್ನವನ್ನೇ ಮಾಡುವುದಿಲ್ಲ. ಲಾಗಿನ್ ಮಾಡಲು ಹೋಗಿ “ನೋ ಮೆಕಾನಿಸಂ ಅವೈಲಬಲ್” ಎಂದು ಬಂದರೆ ಪಾಸ್‌ವರ್ಡ್ ಬದಲಿಸುತ್ತ ಕೂರುವುದು ಬೇಡ, ಡೆಬಿಯನ್‌ನಲ್ಲಿ “ಲಿಬ್‌ಸಾಸಲ್2-ಮಾಡ್ಯೂಲ್ಸ್” ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲ ಅಷ್ಟೆ.

ದಿನ 2: ಪೋರ್ಟ್ ತೆರೆಯಿತು, ಹೆಸರು ಸಿಗುತ್ತಿಲ್ಲ

25 ತೆರೆದುಕೊಂಡಿತು, “ಎನ್‌ಸಿ”ಗೆ ಉತ್ತರ ಬರುತ್ತಿದೆ. ಆದರೂ ಕ್ಯೂ ಕರಗಲಿಲ್ಲ. ಈಗ ಲಾಗ್‌ನಲ್ಲಿ ಬೇರೆ ರಾಗ: “ನೇಮ್ ಸರ್ವಿಸ್ ಎರರ್, ಟೈಪ್=ಎಂಎಕ್ಸ್: ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್”. ಅದೇ ಡೊಮೇನ್‌ಗೆ ಶೆಲ್‌ನಲ್ಲಿ “ಡಿಗ್ ಎಂಎಕ್ಸ್” ಕೊಟ್ಟರೆ ಥಟ್ಟನೆ ಉತ್ತರ.

ಶೆಲ್‌ಗೆ ಸಿಗುವುದು ಪೋಸ್ಟ್‌ಫಿಕ್ಸ್‌ಗೆ ಸಿಗದಿದ್ದರೆ ಕ್ರೂಟ್ (ಪ್ರೋಗ್ರಾಂ ಅನ್ನು ಒಂದೇ ಡೈರೆಕ್ಟರಿಯೊಳಗೆ ಕೂಡಿಹಾಕುವ ವ್ಯವಸ್ಥೆ) ಮೇಲೆ ಅನುಮಾನ ಪಡಬೇಕು. ಇಲ್ಲಿನ ಸೆಟ್ಟಿಂಗ್ ಫೈಲ್ ಮಾಸ್ಟರ್.ಸಿಎಫ್‌ನಲ್ಲಿ ಎಸ್‌ಎಂಟಿಪಿ ಕ್ಲೈಂಟ್ (ಮೇಲ್ ಹೊರಗೆ ಕಳಿಸುವ ಪ್ರೋಗ್ರಾಂ) ಸಾಲಿನ ಐದನೇ ಕಾಲಂ, ಅಂದರೆ ಕ್ರೂಟ್‌ನದು, “ವೈ” ಆಗಿದೆ. ಆ ಪ್ರೋಗ್ರಾಂಗೆ /ವರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಎಂಬುದೇ ಇಡೀ ಪ್ರಪಂಚ. ನೇಮ್‌ಸರ್ವರ್ ಯಾವುದೆಂದು ತಿಳಿಯಲು ಅದು ಓದುವ ರಿಸಾಲ್ವ್.ಕಾನ್ಫ್ ಫೈಲ್ ಕೂಡ ಆ ಡೈರೆಕ್ಟರಿಯೊಳಗಿನ ನಕಲು, ಸರ್ವಿಸ್ ಸ್ಟಾರ್ಟ್ ಆಗುವಾಗ ಮಾಡಿಕೊಂಡದ್ದು. ನೆಟ್‌ವರ್ಕ್ ಬದಲಾಗಿ ಹೊಸ ನೇಮ್‌ಸರ್ವರ್ ಬಂದಿದೆ, ನಕಲಿನಲ್ಲಿ ಹಳೆಯದೇ ಕೂತಿದೆ. “ಪೋಸ್ಟ್‌ಫಿಕ್ಸ್ ಚೆಕ್” ಕೊಟ್ಟರೆ ಎರಡು ಫೈಲ್ ಬೇರೆಯಾಗಿವೆ ಎಂದು ಅದೇ ಎಚ್ಚರಿಸುತ್ತದೆ. ಈ ಕಮಾಂಡನ್ನು ಮೊದಲ ದಿನವೇ ಓಡಿಸಬೇಕಿತ್ತು. ಪರಿಹಾರ ರೀಲೋಡ್ ಅಲ್ಲ, ರೀಸ್ಟಾರ್ಟ್. ಹತ್ತು ನಿಮಿಷದಲ್ಲಿ ಕ್ಯೂ ಅರ್ಧಕ್ಕಿಳಿಯಿತು.

ದಿನ 3: ತಲುಪಿತು, ಬಾಗಿಲಲ್ಲೇ ತಿರಸ್ಕೃತ

4ರಿಂದ ಶುರುವಾಗುವ ಕೋಡ್ “ಆಮೇಲೆ ಬಾ” ಎನ್ನುತ್ತದೆ, 5ರಿಂದ ಶುರುವಾಗುವುದು “ಬರಲೇಬೇಡ” ಎನ್ನುತ್ತದೆ. ಇವತ್ತು ಬಂದವು 5ರವು, ಹಾಗಾಗಿ ಕ್ಯೂನಲ್ಲಿ ನಿಲ್ಲದೆ ನೇರ ಬೌನ್ಸ್ (ಕಳಿಸಿದವರಿಗೇ ವಾಪಸ್). ಅದರಲ್ಲಿ 5.7.25 ಕಂಡಿತು. ಈ ಸರಣಿ ನೆನಪಿಟ್ಟುಕೊಳ್ಳಲು ಯೋಗ್ಯ: 5.7.20 ಎಂದರೆ ಪಾಸಾದ ಡಿಕಿಮ್ ಸಹಿ ಇಲ್ಲ, 5.7.23 ಎಂದರೆ ಎಸ್‌ಪಿಎಫ್ (ಡೊಮೇನ್ ಪರವಾಗಿ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಫೇಲ್, 5.7.25 ಎಂದರೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕುವುದು) ಸರಿಯಿಲ್ಲ, 5.7.26 ಎಂದರೆ ಒಂದಕ್ಕಿಂತ ಹೆಚ್ಚು ಗುರುತಿನ ಪರೀಕ್ಷೆ ಕೈಕೊಟ್ಟಿವೆ.

ರಿವರ್ಸ್ ಡಿಎನ್‌ಎಸ್‌ನ ರೆಕಾರ್ಡ್, ಅಂದರೆ ಪಿಟಿಆರ್, ಮೊದಲೇ ಹಾಕಿತ್ತಲ್ಲ? ಹಾಕಿತ್ತು, ಐಪಿವಿ4ಕ್ಕೆ. ಲಾಗ್‌ನಲ್ಲಿ “ರಿಲೇ=” ಮುಂದಿನ ವಿಳಾಸ ನೋಡಿದರೆ ಕನೆಕ್ಷನ್ ಹೋಗಿದ್ದು ಐಪಿವಿ6ನಲ್ಲಿ. ಸರ್ವರ್‌ಗೆ ವಿ6 ವಿಳಾಸ ತಾನಾಗಿ ಬಂದಿದೆ, ಅದಕ್ಕೆ ಪಿಟಿಆರ್ ಇಲ್ಲ. “ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಇಲ್ಲ” ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ: ವಿ6 ಎಂಎಕ್ಸ್ ಇಟ್ಟುಕೊಂಡವರಿಗೆ ಮಾತ್ರ ಹೋಗದು.

ದಾರಿ ಎರಡು. ಸರಿಯಾದದ್ದು, ವಿ6ಗೂ ಪಿಟಿಆರ್ ಹಾಕಿಸುವುದು. ಪಿಟಿಆರ್ ನಮ್ಮ ಡೊಮೇನ್‌ನ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಹಾಕುವಂಥದ್ದಲ್ಲ. ಐಪಿ ಯಾರದೋ ಅವರ ಪ್ಯಾನೆಲ್‌ನಲ್ಲಿ. ಹಾಕಿದ ಮೇಲೆ ಎರಡೂ ದಿಕ್ಕಿಗೆ ನೋಡಬೇಕು: “ಡಿಗ್ -ಎಕ್ಸ್” ಕೊಟ್ಟರೆ ಮೇಲ್.ಎಕ್ಸಾಂಪಲ್.ಕಾಮ್ ಬರಬೇಕು, ಆ ಹೆಸರಿಗೆ ಮತ್ತೆ ಡಿಗ್ ಕೊಟ್ಟರೆ ಅದೇ ಐಪಿಗೆ ಬಂದು ನಿಲ್ಲಬೇಕು. ತಾತ್ಕಾಲಿಕ ದಾರಿ, ಮಾಸ್ಟರ್.ಸಿಎಫ್‌ನ ಎಸ್‌ಎಂಟಿಪಿ ಕ್ಲೈಂಟ್ ಸಾಲಿನ ಕೆಳಗೆ “-ಓ ಇನೆಟ್_ಪ್ರೋಟೋಕಾಲ್ಸ್=ಐಪಿವಿ4”. ಹೀಗೆ ಮಾಡಿದರೆ ಹೋಗುವುದು ಮಾತ್ರ ವಿ4, ಬರುವುದು ಎರಡರಲ್ಲೂ. ಮೇನ್.ಸಿಎಫ್‌ನಲ್ಲೇ ಬದಲಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಒಳಬರುವ ಮೇಲ್‌ನ ವಿ6 ಬಾಗಿಲನ್ನೂ ಮುಚ್ಚುತ್ತದೆ.

ಇದೇ ಹೊತ್ತಿಗೆ “ಮೈಹೋಸ್ಟ್‌ನೇಮ್” ಕೂಡ ನೋಡಿದ್ದು. ಬರೀ “ಮೇಲ್” ಎಂದಿತ್ತು. ಹೆಲೋ ಹೇಳುವಾಗ ಹೋಗುವುದು ಇದೇ ಹೆಸರು, ಬಿಗಿಯಾದ ಸರ್ವರ್‌ಗಳು 504 5.5.2 ಕೊಟ್ಟು ಪೂರ್ತಿ ಹೆಸರು ಕೇಳುತ್ತವೆ. ಪಿಟಿಆರ್‌ನಲ್ಲಿರುವ ಹೆಸರನ್ನೇ ಇಲ್ಲೂ ಹಾಕಿದೆ.

ದಿನ 4: ಕ್ರಾನ್ ಮತ್ತು ವೆಬ್ ಫಾರಂನ ಮೇಲ್‌ಗಳು

ಜನ ಕಳಿಸಿದ್ದು ಹೋಗುತ್ತಿದೆ, ಮಷೀನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್, ವೆಬ್ ಫಾರಂ) ಕಳಿಸಿದ್ದು ಇಲ್ಲ. ಲಾಗ್: 450 4.1.8, “ಸೆಂಡರ್ ಅಡ್ರೆಸ್ ರಿಜೆಕ್ಟೆಡ್: ಡೊಮೇನ್ ನಾಟ್ ಫೌಂಡ್”. ಕ್ಯೂ ಐಡಿ ಹಿಡಿದು “ಪೋಸ್ಟ್‌ಕ್ಯಾಟ್ -ಕ್ಯೂ” ಮಾಡಿದರೆ ಲಕೋಟೆಯ ಮೇಲಿನ (ಫ್ರಮ್ ಸಾಲಿನದಲ್ಲ, ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ) ಕಳುಹಿಸಿದವರ ವಿಳಾಸ “ರೂಟ್@ಮೇಲ್.ಲೋಕಲ್‌ಡೊಮೇನ್”. ಹೀಗೊಂದು ಡೊಮೇನ್ ಪ್ರಪಂಚದಲ್ಲಿಲ್ಲ. ಉತ್ತರ ಕೊಡಲು ವಿಳಾಸವೇ ಇಲ್ಲದ ಮೇಲ್ ಯಾರು ತೆಗೆದುಕೊಳ್ಳುತ್ತಾರೆ?

“ಮೈಒರಿಜಿನ್” ಅನ್ನು ಎಕ್ಸಾಂಪಲ್.ಕಾಮ್ ಮಾಡಿದರೆ ಹೊಸ ಮೇಲ್‌ಗಳು ಸರಿಹೋಗುತ್ತವೆ. ಮಷೀನ್ ಒಳಗೆ ಹಳೆಯ ಹೆಸರು ಉಳಿದು, ಹೊರಗೆ ಹೋಗುವಾಗ ಮಾತ್ರ ಬದಲಾಗಬೇಕಾದ ಕಡೆ “ಎಸ್‌ಎಂಟಿಪಿ_ಜೆನರಿಕ್_ಮ್ಯಾಪ್ಸ್”. ಫೈಲ್ ತಿದ್ದಿದ ಮೇಲೆ “ಪೋಸ್ಟ್‌ಮ್ಯಾಪ್” ಓಡಿಸುವುದನ್ನು ಮರೆತರೆ ಏನೂ ಬದಲಾಗದು.

ವೆಬ್ ಫಾರಂನದು ಸೂಕ್ಷ್ಮ. ಫ್ರಮ್ ಸಾಲಿನಲ್ಲಿ ಚೆಂದದ ವಿಳಾಸ, ಲಕೋಟೆಯ ಮೇಲೆ ಮಾತ್ರ ವೆಬ್ ಸರ್ವರ್ ಯೂಸರ್‌ನದು. ಎಸ್‌ಪಿಎಫ್ ನೋಡುವುದು ಲಕೋಟೆಯನ್ನು, ಓದುಗ ನೋಡುವುದು ಫ್ರಮ್ ಸಾಲನ್ನು, ಎರಡರ ಡೊಮೇನ್ ಹೊಂದುತ್ತದೆಯೇ ಎಂದು ನೋಡುವುದು ಡಿಮಾರ್ಕ್. ಪಿಎಚ್‌ಪಿ ಕಡೆಯಿಂದ “-ಎಫ್” ಆಪ್ಷನ್ ಕೊಟ್ಟು ಲಕೋಟೆ ಸರಿಮಾಡಿದೆ. ಫಾರಂ ತುಂಬಿದವರ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕುವ ಹಳೆಯ ಚಾಳಿಯನ್ನೂ ತೆಗೆದು, ಅದನ್ನು ರಿಪ್ಲೈ-ಟುಗೆ ಸರಿಸಿದೆ.

ದಿನ 5: ಎಸ್‌ಪಿಎಫ್, ಡಿಕಿಮ್

2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದನ್ನಾದರೂ ಕೇಳುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎರಡೂ, ಜೊತೆಗೆ ಡಿಮಾರ್ಕ್ ಕೂಡ. ಚಿಕ್ಕ ಸರ್ವರ್ ಆದರೂ ಮೂರನ್ನೂ ಹಾಕಿಬಿಡುವುದೇ ನೆಮ್ಮದಿ.

ಎಸ್‌ಪಿಎಫ್‌ನಲ್ಲಿ ಸಿಕ್ಕ ತಪ್ಪು: ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ಟೆಕ್ಸ್ಟ್ ರೆಕಾರ್ಡ್. ಎರಡೂ ಅನ್ವಯಿಸುತ್ತವೆ ಎಂದುಕೊಂಡರೆ ತಪ್ಪು, ಎರಡೂ ಕೆಡುತ್ತವೆ, ಫಲಿತಾಂಶ ಪರ್ಮ್‌ಎರರ್ (ಶಾಶ್ವತ ದೋಷ). ಒಂದಕ್ಕೆ ಸೇರಿಸಿ, ಸರ್ವರ್‌ನ ಐಪಿಗಳನ್ನು ಐಪಿ4, ಐಪಿ6 ಎಂದು ನೇರ ಬರೆದದ್ದು. ಅವಕ್ಕೆ ಡಿಎನ್‌ಎಸ್ ಹುಡುಕಾಟ ಬೇಡ, ಆದರೆ ಹುಡುಕಾಟ ಬೇಕಾದ ಇನ್‌ಕ್ಲೂಡ್, ಎ, ಎಂಎಕ್ಸ್ ಇತ್ಯಾದಿಗಳೆಲ್ಲ ಸೇರಿ 10 ದಾಟುವಂತಿಲ್ಲ. ಬೌನ್ಸ್ ಮೇಲ್‌ಗಳ ಲಕೋಟೆ ಖಾಲಿ ಇರುವುದರಿಂದ ಅವಕ್ಕೆ ಹೆಲೋ ಹೆಸರಿನ ಮೇಲೆ ಎಸ್‌ಪಿಎಫ್ ಪರೀಕ್ಷೆ ನಡೆಯುತ್ತದೆ, ಆದ್ದರಿಂದ ಮೇಲ್.ಎಕ್ಸಾಂಪಲ್.ಕಾಮ್‌ಗೂ ಒಂದು ಚಿಕ್ಕ ರೆಕಾರ್ಡ್.

ಡಿಕಿಮ್ ಇಡೀ ಮಧ್ಯಾಹ್ನ ತಿಂದಿತು. 2048 ಬಿಟ್‌ನ ಪಬ್ಲಿಕ್ ಕೀ ಬರೆದರೆ 392 ಅಕ್ಷರ, ಟೆಕ್ಸ್ಟ್ ರೆಕಾರ್ಡಿನ ಒಂದು ತುಂಡಿಗೆ ಮಿತಿ 255. ತುಂಡು ಮಾಡಿ ಪ್ರತಿಯೊಂದನ್ನೂ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಕೆಲವು ಪ್ಯಾನೆಲ್‌ಗಳು ತಾವೇ ತುಂಡು ಮಾಡುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. “ಓಪನ್‌ಡಿಕಿಮ್-ಟೆಸ್ಟ್‌ಕೀ” ಓಡಿಸಿ “ಕೀ ಓಕೆ” ಬರುವ ತನಕ ನಂಬಬಾರದು. ಅದರ ಜೊತೆ “ಕೀ ನಾಟ್ ಸೆಕ್ಯೂರ್” ಎಂದರೆ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಕ್ಕೆ ಸಹಿ) ಇಲ್ಲ ಎಂದಷ್ಟೇ, ಗಾಬರಿ ಬೇಡ.

ಇಷ್ಟಾದರೂ ಸಹಿ ಬೀಳಲಿಲ್ಲ. ಮತ್ತೆ ಕ್ರೂಟ್: ಓಪನ್‌ಡಿಕಿಮ್‌ನ ಸಾಕೆಟ್ (ಪೋಸ್ಟ್‌ಫಿಕ್ಸ್ ಜೊತೆ ಮಾತಾಡುವ ಫೈಲ್) /ರನ್ ಕೆಳಗಿದೆ, ಪೋಸ್ಟ್‌ಫಿಕ್ಸ್‌ಗೆ ಅದು ಕಾಣದು. ಟಿಸಿಪಿಗೆ ಬದಲಿಸಿದೆ. ಎರಡು ಫೈಲಿನಲ್ಲಿ ಬರೆಯುವ ಕ್ರಮ ಉಲ್ಟಾ ಎಂಬುದು ಇಲ್ಲಿನ ಚೇಷ್ಟೆ: ಓಪನ್‌ಡಿಕಿಮ್ ಕಡೆ “ಇನೆಟ್:8891@ಲೋಕಲ್‌ಹೋಸ್ಟ್”, ಪೋಸ್ಟ್‌ಫಿಕ್ಸ್ ಕಡೆ “ಇನೆಟ್:ಲೋಕಲ್‌ಹೋಸ್ಟ್:8891”. ಓಪನ್‌ಡಿಕಿಮ್‌ನಂಥ ಮೇಲ್ ಫಿಲ್ಟರ್‌ಗೆ ಮಿಲ್ಟರ್ ಎನ್ನುತ್ತಾರೆ. “ಎಸ್‌ಎಂಟಿಪಿಡಿ_ಮಿಲ್ಟರ್ಸ್” ಜೊತೆಗೆ “ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್” ಕೂಡ ಬೇಕು, ಇಲ್ಲದಿದ್ದರೆ ಕ್ರಾನ್ ಮೇಲ್‌ಗೆ ಸಹಿ ಇಲ್ಲ. “ಮಿಲ್ಟರ್_ಡೀಫಾಲ್ಟ್_ಆ್ಯಕ್ಷನ್” ಅನ್ನು ಯಾರೋ “ಆಕ್ಸೆಪ್ಟ್” ಮಾಡಿಟ್ಟಿದ್ದರು. ಮಿಲ್ಟರ್ ಸತ್ತರೂ ಮೇಲ್ ಸಹಿಯಿಲ್ಲದೆ ಹೊರಟುಬಿಡುತ್ತದೆ, ಲಾಗ್‌ನಲ್ಲಿ ಒಂದು ವಾರ್ನಿಂಗ್ ಬಿಟ್ಟರೆ ಸುಳಿವಿಲ್ಲ. ಡೀಫಾಲ್ಟ್ ಆದ “ಟೆಂಪ್‌ಫೇಲ್”ಗೆ (ತಾತ್ಕಾಲಿಕ ತಿರಸ್ಕಾರ) ವಾಪಸ್. ಸದ್ದು ಮಾಡಿ ಕೆಡುವುದು ಮೇಲು.

ಒಂದು ಬಲೆ: ಸಹಿಯಿಲ್ಲದೆ ಕ್ಯೂನಲ್ಲಿ ಉಳಿದವನ್ನು “ಪೋಸ್ಟ್‌ಸೂಪರ್ -ಆರ್” ಕೊಟ್ಟು ಮರುಕ್ಯೂ ಮಾಡಿದರೆ ವಿಳಾಸ ತಿದ್ದುವಿಕೆ ಮತ್ತೆ ನಡೆಯುತ್ತದೆ, ಮಿಲ್ಟರ್ ನಡೆಯುವುದಿಲ್ಲ. ಅವಕ್ಕೆ ಸಹಿ ಬೇಕೆಂದರೆ ಹೊಸದಾಗಿ ಕಳಿಸಬೇಕು.

ದಿನ 6: ಗ್ರೇಲಿಸ್ಟ್, ಬ್ಲಾಕ್‌ಲಿಸ್ಟ್

ಉಳಿದವುಗಳಲ್ಲಿ ಕೆಲವು 450, “ಗ್ರೇಲಿಸ್ಟೆಡ್”. ಇದು ತಪ್ಪಲ್ಲ, ಅಪರಿಚಿತ ಸರ್ವರ್ ಮತ್ತೆ ಬರುತ್ತದೆಯೇ ಎಂಬ ಪರೀಕ್ಷೆ. ಪೋಸ್ಟ್‌ಫಿಕ್ಸ್ 300 ಸೆಕೆಂಡಿನಿಂದ 4,000 ಸೆಕೆಂಡ್ ತನಕ ಅಂತರ ಹಿಗ್ಗಿಸುತ್ತ 5 ದಿನ ಪ್ರಯತ್ನಿಸುತ್ತದೆ. ನಿಮಿಷಕ್ಕೊಮ್ಮೆ “ಪೋಸ್ಟ್‌ಕ್ಯೂ -ಎಫ್” ಒತ್ತುವುದರಿಂದ ಲಾಭವಿಲ್ಲ, ಆ ಕಡೆಯವರಿಗೆ ಕಿರಿಕಿರಿ. ಒಂದನ್ನೇ ತಳ್ಳಬೇಕಾದರೆ “ಪೋಸ್ಟ್‌ಕ್ಯೂ -ಐ” ಮತ್ತು ಐಡಿ.

ಬ್ಲಾಕ್‌ಲಿಸ್ಟ್ (ಮೇಲ್ ತಡೆಯಲು ಬಳಸುವ ಐಪಿ ಪಟ್ಟಿ, ಇಲ್ಲಿ ಸ್ಪ್ಯಾಮ್‌ಹೌಸ್‌ನದು) ನೋಡಲು ಐಪಿಯನ್ನು ತಿರುಗಿಸಿ ಕೇಳುವುದು: 192.0.2.25 ಆದರೆ 25.2.0.192.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್. ಉತ್ತರ 127.255.255.254 ಬಂತು. ಇದನ್ನು ಕಂಡು “ಸಿಕ್ಕಿಬಿದ್ದೆವು” ಎಂದು ಕೂಗಬಾರದು: ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಹುಡುಕಿಕೊಡುವ ಸರ್ವರ್) ಮೂಲಕ ಕೇಳಿದ್ದೀರಿ, ಉತ್ತರ ಕೊಡುವುದಿಲ್ಲ ಎಂದು ಇದರ ಅರ್ಥ. ಸರ್ವರ್‌ನಲ್ಲೇ ಸ್ವಂತ ರಿಸಾಲ್ವರ್ ಆಗಿ ಅನ್‌ಬೌಂಡ್ ಹಾಕಿ ಕೇಳಿದಾಗ 127.0.0.11, ಅಂದರೆ ಪಿಬಿಎಲ್. ಅದು ಸ್ಪ್ಯಾಮ್ ಆರೋಪವಲ್ಲ. ನೇರ ಮೇಲ್ ಕಳಿಸಬಾರದ ಐಪಿ ಸಾಲು ಎಂಬ ಪಟ್ಟಿ. ಪಿಟಿಆರ್ ಸರಿ ಇದ್ದ ಮೇಲೆ ಒಂದು ಐಪಿಯನ್ನು ಅದರಿಂದ ತೆಗೆಸಬಹುದು, ಅರ್ಜಿ ಹಾಕಿದೆ.

ದಿನ 8: ಸದ್ಯದ ಸ್ಥಿತಿ

ಜಿಮೇಲ್‌ಗೆ ಕಳಿಸಿದ ಪರೀಕ್ಷಾ ಮೇಲ್‌ನ “ಶೋ ಒರಿಜಿನಲ್”ನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್. ಡಿಮಾರ್ಕ್ ಸದ್ಯ “ಪಿ=ನನ್” (ಫೇಲಾದರೂ ತಡೆಯಬೇಡ); ವರದಿಗಳು ಒಂದೆರಡು ವಾರ ಬಂದ ಮೇಲೆ ಬಿಗಿ ಮಾಡುವುದು. ಪಿಬಿಎಲ್ ಪ್ರಶ್ನೆಗೆ ಈಗ ಉತ್ತರ ಖಾಲಿ. “ಡಿಲೇ_ವಾರ್ನಿಂಗ್_ಟೈಮ್” ಡೀಫಾಲ್ಟ್ ಸೊನ್ನೆ, ಅಂದರೆ ಐದು ದಿನ ಕಳೆಯುವ ತನಕ ಕಳಿಸಿದವರಿಗೆ ಸುದ್ದಿಯೇ ಇಲ್ಲ. 4 ಗಂಟೆ ಮಾಡಿದೆ.

ಮುಂದಕ್ಕೆ ಹಾಕಿದ ಮೇಲ್‌ಗಳನ್ನು ಎಷ್ಟು ಹೊತ್ತಿನಿಂದ ಕಾದಿವೆ ಎಂದು ಎಣಿಸುವ “ಕ್ಯೂಶೇಪ್ ಡಿಫರ್ಡ್” ತೋರಿಸುತ್ತಿರುವುದು ಒಂದೇ ಸಾಲು, 1280+ ನಿಮಿಷದ ಕಾಲಂನಲ್ಲಿ ಎರಡು ಮೇಲ್. ವಿಳಾಸದಲ್ಲಿ ಒಂದಕ್ಷರ ತಪ್ಪು. ಇಲ್ಲದ ಡೊಮೇನ್ ಆಗಿದ್ದರೆ ಅಲ್ಲೇ ಬೌನ್ಸ್ ಆಗುತ್ತಿತ್ತು. ಇದು ಇರುವ ಡೊಮೇನ್, 25ರಲ್ಲಿ ಕೇಳುವವರಿಲ್ಲ, ಹಾಗಾಗಿ ಕಾಯುತ್ತಿದೆ. ಕಳಿಸಿದವರಿಗೆ ಎಚ್ಚರಿಕೆ ಮೇಲ್ ಹೋಗಿದೆ. ಕ್ಯೂನಿಂದ ಅಳಿಸುವ “ಪೋಸ್ಟ್‌ಸೂಪರ್ -ಡಿ” ಆ ಎರಡು ಐಡಿಗಳಿಗೆ ಮಾತ್ರ.