ಊಟಿಯ ಹುಲ್ಲುಗುಡ್ಡದಲ್ಲಿ ಗಾಲ್ಫ್

ಊಟಿಯ ಜಿಮ್ಖಾನಾ ಕ್ಲಬ್ಬಿನ ಗಾಲ್ಫ್ ಮೈದಾನದ ಪಕ್ಕ ಇವತ್ತು ಬಹಳ ಹೊತ್ತು ನಿಂತಿದ್ದೆ. ವೆನ್‌ಲಾಕ್ ಡೌನ್ಸ್ ಎಂಬ ಹುಲ್ಲುಗುಡ್ಡಗಳ ನಡುವೆ ಇದೆ ಅದು. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್ ಅವರ ಹೆಸರು ಈ ಗುಡ್ಡಗಳಿಗೆ ಅಂಟಿಕೊಂಡಿದೆ.

ಒಬ್ಬರು ಹೊಡೆದ ಚೆಂಡು ಇಳಿಜಾರಿನಲ್ಲಿ ಉರುಳುತ್ತಾ ಹೋಗಿ ಗೋರ್ಸ್ ಪೊದೆಯೊಳಗೆ ಸೇರಿತು. ಮೈತುಂಬ ಮುಳ್ಳು, ತುದಿಯಲ್ಲಿ ಹಳದಿ ಹೂ. ಇದೂ ಯುರೋಪಿನಿಂದ ಬಂದ ಗಿಡವೇ. ಆಟಗಾರರ ಕೋಲುಗಳನ್ನು ಹೊರುವ ವಯಸ್ಸಾದ ಕ್ಯಾಡಿಯೊಬ್ಬರು ಕೋಲಿನಿಂದ ಕೊಂಬೆ ಸರಿಸಿ, ಮುಳ್ಳು ತಾಗದಂತೆ ಕೈ ಹಾಕಿ ಚೆಂಡು ತೆಗೆದರು.

ಇಲ್ಲಿನ ಹುಲ್ಲು ನೀಲಗಿರಿಯ ಮೂಲನಿವಾಸಿಗಳಾದ ತೋಡರ ಎಮ್ಮೆಗಳಿಗೆ ಮೇವಾಗಿತ್ತು, ಅವರ ಕಮಾನಿನಾಕಾರದ ಮನೆಗಳಿಗೆ ಹೊದಿಕೆಯಾಗಿತ್ತು. ದಿಬ್ಬದ ಮೇಲೆ ಹುಲ್ಲು, ಕಣಿವೆಯ ಮಡಿಲಿನಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಬಿದ್ದ ಮಳೆಯನ್ನು ಹೀರಿಕೊಂಡು ತೊರೆಗಳಿಗೆ ನಿಧಾನವಾಗಿ ಬಿಡುವ ಏರ್ಪಾಡು ಅದು. ಬ್ರಿಟಿಷರ ಕಣ್ಣಿಗೆ ಅದು ಬರಿಯ ಪಾಳುಭೂಮಿ. ಆಸ್ಟ್ರೇಲಿಯಾದ ನೀಲಗಿರಿ ಮರ, ವ್ಯಾಟಲ್ ಎಂಬ ಅಕೇಶಿಯಾ ಜಾತಿಯ ಮರ ತಂದು ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ನೆಡುತ್ತಲೇ ಹೋದೆವು, ಅದು ನನಗೆ ಹೆಚ್ಚು ನೋವಿನ ಸಂಗತಿ.

ಗಾಲ್ಫ್ ಮೈದಾನ ಹುಲ್ಲುಗಾವಲಿಗೆ ಸಾಟಿಯಲ್ಲ. ಆದರೂ ನೆಲದ ಏರಿಳಿತ ಇಲ್ಲಿ ಪೂರ್ತಿ ಕಾಣುತ್ತದೆ. ನೆಡುತೋಪು ಆವರಿಸಿದ ಗುಡ್ಡಗಳಲ್ಲಿ ಅದೂ ಕಾಣದು. ವ್ಯಾಟಲ್ ಕಿತ್ತು ದೇಸಿ ಹುಲ್ಲು ಬೆಳೆಸುವ ಕೆಲಸ ನೀಲಗಿರಿಯಲ್ಲಿ ಅಲ್ಲಲ್ಲಿ ನಡೆಯುತ್ತಿದೆ. ಈ ಡೌನ್ಸ್‌ನ ಉದ್ದಕ್ಕೂ ಅದು ಹಬ್ಬಬೇಕೆಂಬುದು ನನ್ನ ಮನದಾಸೆ.