ಎತ್ತರದ ಮನೆಗಳ ಕೆಳಗೊಂದು ಪೇಟೆ

ಕಳೆದ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ತಂಗಿಯ ಮಗ ಮನೆಗೆ ಬಂದು, "ಮಾವ, ಹತ್ತು ಗಂಟೆಗೆ ಸಭೆ ಐತಿ, ನೀವೂ ಬರಬೇಕು" ಎಂದು ಕರೆದ. ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿ ಇಪ್ಪತ್ತೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಲು ಹೊರಟವರು, ನಕ್ಷೆಯನ್ನೂ ಮಾದರಿಯನ್ನೂ ತೋರಿಸಿ ಸುತ್ತಲಿನವರ ಅಭಿಪ್ರಾಯ ಕೇಳಲು ಸಮುದಾಯ ಭವನದಲ್ಲಿ ಜನರನ್ನು ಸೇರಿಸಿದ್ದರು. ಅವನಿಗೆ ಮನೆಗಳು ಬೇಕಿರಲಿಲ್ಲ. ಕಟ್ಟಡದ ನೆಲದಡಿ ಬರಲಿದ್ದ ಮಾಲ್‌ನಲ್ಲಿ ನೂರಿಪ್ಪತ್ತು ಚದರಡಿಯ ಒಂದು ಮಳಿಗೆ ಬೇಕಿತ್ತು. ಮುಂಗಡದ ಚೆಕ್ಕನ್ನು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಚೌಕಿಪೇಟೆಯಲ್ಲಿ ಮೂವತ್ತೆರಡು ವರ್ಷ ಬಟ್ಟೆ ಅಂಗಡಿ ನಡೆಸಿದ ನನ್ನ ಒಪ್ಪಿಗೆಯೊಂದು ಬಾಕಿ ಇತ್ತು.

ಭವನದ ನಡುವೆ ಮೇಜಿನ ಮೇಲಿಟ್ಟಿದ್ದ ಮಾದರಿಯನ್ನು ಜನ ಸುತ್ತುವರಿದಿದ್ದರು. ಪಶ್ಚಿಮದ ಗೋಡೆ ಮೇಲಿನಿಂದ ಕೆಳಗಿನವರೆಗೂ ಗಾಜು. ಏಪ್ರಿಲ್, ಮೇ ತಿಂಗಳ ನಮ್ಮೂರಿನ ಮಧ್ಯಾಹ್ನವನ್ನು ಬಲ್ಲ ಯಾರಿಗೂ ಆ ಗೋಡೆಯ ಹಿಂದಿನ ಕೋಣೆಯಲ್ಲಿ ಕೂರುವ ಆಸೆ ಹುಟ್ಟುವಂತಿರಲಿಲ್ಲ. ಪಕ್ಕದ ಬೀದಿಯ ಒಬ್ಬ ಅಜ್ಜಿ, "ಸಜ್ಜಾ ಎಲ್ಲೈತಪ್ಪಾ? ಹಪ್ಪಳ, ಸಂಡಿಗೆ ಎಲ್ಲಿ ಒಣಗಿಸಬೇಕು?" ಎಂದು ಕೇಳಿದಾಗ ಕೆಲವರು ನಕ್ಕರಾದರೂ, ವಿನ್ಯಾಸದ ಕುರಿತು ಆ ದಿನ ಬಂದ ಮಾತುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಅದೇ ಎಂದು ನಾನು ಈಗಲೂ ನಂಬಿದ್ದೇನೆ. ಭದ್ರಾ ನಾಲೆ ನಿಂತ ದಿನಗಳಲ್ಲಿ ಇಪ್ಪತ್ತೆರಡನೇ ಅಂತಸ್ತಿಗೆ ನೀರು ಹೇಗೆ ಏರುತ್ತದೆ ಎಂದು ಒಬ್ಬರು ಕೇಳಿದರು. ಊರಿಗೆ ಇಷ್ಟು ಎತ್ತರ ಒಪ್ಪುವುದಿಲ್ಲ ಎಂದು ಮತ್ತೊಬ್ಬರು ಹೇಳಿದ್ದನ್ನು ಮಾತ್ರ ನಾನು ಒಪ್ಪಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ಹತ್ತಿ ಗಿರಣಿಗಳ ಚಿಮಣಿಗಳನ್ನು ಕತ್ತೆತ್ತಿ ನೋಡುತ್ತಲೇ ನಾವು ಬೆಳೆದವರು.

ಒಂದೂವರೆ ಗಂಟೆ ಮಾತೆಲ್ಲ ಮೇಲಿನ ಅಂತಸ್ತುಗಳ ಬಗ್ಗೆಯೇ ನಡೆಯಿತು. ನೆಲದಡಿಯ ಮಾಲ್ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ. ವಿವರ ನೀಡುತ್ತಿದ್ದವರು ಕೆನಡಾದ ಟೊರಾಂಟೊ, ಮಾಂಟ್ರಿಯಲ್‌ಗಳಲ್ಲಿ ನೆಲದ ಕೆಳಗೇ ದೊಡ್ಡ ಪೇಟೆಗಳಿವೆ ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದರು. ಆ ಮಾತು ನನ್ನನ್ನು ಎಬ್ಬಿಸಿತು. ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ ಟೊರಾಂಟೊದ ಆ ಪೇಟೆಯನ್ನು ನಾನು ಕಾಲು ನೋಯುವಷ್ಟು ನಡೆದು ನೋಡಿದ್ದೆ.

ಅಲ್ಲಿನವರು ಅದನ್ನು 'ಪಾತ್' ಎಂದು ಕರೆಯುತ್ತಾರೆ. 30 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಆ ನೆಲದಡಿಯ ದಾರಿ, ಯೂನಿಯನ್ ರೈಲು ನಿಲ್ದಾಣವನ್ನೂ ಮೆಟ್ರೊ ನಿಲ್ದಾಣಗಳನ್ನೂ ಬ್ಯಾಂಕುಗಳ ದೊಡ್ಡ ಕಚೇರಿಗಳನ್ನೂ ಒಂದಕ್ಕೊಂದು ಜೋಡಿಸುತ್ತದೆ. ಮಾಂಟ್ರಿಯಲ್‌ನಲ್ಲಿ 1962ರಲ್ಲಿ ಒಂದು ಕಟ್ಟಡದ ಅಡಿಯಿಂದ ಆರಂಭವಾದ ಇಂಥದೇ ಪೇಟೆ, 1966ರಲ್ಲಿ ಮೆಟ್ರೊ ಓಡತೊಡಗಿದ ಮೇಲೆ ಹರಡಿಕೊಂಡಿತು. ಹೊರಗೆ ಹಿಮ ಬೀಳುವಾಗ ರೈಲಿಳಿದ ಸಾವಿರಾರು ಜನ ಕಚೇರಿಗೆ ಹೋಗಲು ಆ ದಾರಿಯನ್ನೇ ಹಿಡಿಯುತ್ತಾರೆ. ಹೋಗುವಾಗ ಕಾಫಿ, ಬರುವಾಗ ಕೋಟು ಕೊಳ್ಳುತ್ತಾರೆ. ದಾರಿಯೂ ದಾರಿಹೋಕರೂ ಇದ್ದುದರಿಂದ ಅಲ್ಲಿ ಅಂಗಡಿ ನಿಂತಿದೆ.

ಟೊರಾಂಟೊದಲ್ಲೇ ಮಗಳು ನನ್ನನ್ನು ಎಪ್ಪತ್ತಕ್ಕೂ ಹೆಚ್ಚು ಅಂತಸ್ತಿನ ವಸತಿ ಕಟ್ಟಡವೊಂದರ ನೆಲಮಾಳಿಗೆಗೂ ಕರೆದೊಯ್ದಿದ್ದಳು. ಮೇಲೆ ಸಾವಿರಾರು ಜನ ವಾಸವಿದ್ದರೂ ಕೆಳಗಿನ ಸಾಲಿನಲ್ಲಿ ಅರ್ಧಕ್ಕರ್ಧ ಷಟರ್‌ಗಳು ಇಳಿದೇ ಇದ್ದವು. ಒಬ್ಬ ಮೊಬೈಲ್ ರಿಪೇರಿಯವನು ಒಬ್ಬನೇ ಕೂತಿದ್ದ. ಮಳಿಗೆಗಳನ್ನು ಬಿಡಿಬಿಡಿಯಾಗಿ ಬೇರೆ ಬೇರೆಯವರಿಗೆ ಮಾರಿದ್ದರಿಂದ, ಯಾವ ವ್ಯಾಪಾರದ ಪಕ್ಕ ಯಾವುದಿರಬೇಕೆಂದು ನೋಡುವ ಯಜಮಾನನೇ ಅಲ್ಲಿರಲಿಲ್ಲ. ಮೇಲಿನ ನಿವಾಸಿಗಳು ಲಿಫ್ಟ್ ಇಳಿದು ನೇರ ಬೀದಿಗೆ ಹೋಗುತ್ತಿದ್ದರು. ಬೋಣಿಯಾಗದೆ ಸಂಜೆ ಬಾಗಿಲು ಹಾಕುವ ನೋವು ಏನೆಂದು ನನಗೆ ಗೊತ್ತು. ಆ ಹುಡುಗನ ಮುಖ ನೋಡಿ ಏನಾದರೂ ಕೊಳ್ಳದೆ ಬರಲಾಗಲಿಲ್ಲ.

ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಚೌಕಿಪೇಟೆಯಲ್ಲಿ ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ಬಟ್ಟೆ ಕೊಳ್ಳಬೇಕೆಂದು ಮನೆಯಿಂದ ಹೊರಟವರಾಗಿರಲಿಲ್ಲ. ಇನ್ನೆಲ್ಲಿಗೋ ಹೋಗುತ್ತಿದ್ದವರು ಬಾಗಿಲಲ್ಲಿ ತೂಗುಬಿಟ್ಟ ಸೀರೆ ಕಂಡು ಮೆಟ್ಟಿಲೇರಿದವರು ಎಂದು ವಿವರಿಸಿದೆ. ನೀರಿನ ಮಾತನ್ನೂ ಎತ್ತಿದೆ. ಒಂದು ಜೋರು ಮಳೆಗೆ ರೈಲು ಹಳಿಯ ಕೆಳಗಿನ ದಾರಿಯಲ್ಲಿ ನೀರು ನಿಲ್ಲುವ ಊರು ನಮ್ಮದು. 2024ರ ಜುಲೈನಲ್ಲಿ ದೆಹಲಿಯ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತದ್ದನ್ನು ನೆನಪಿಸಿ, ಕರೆಂಟು ಹೋದಾಗ ಪಂಪು ಯಾವುದರಿಂದ ನಡೆಯುತ್ತದೆ, ಹೊರಬರಲು ಎಷ್ಟು ಮೆಟ್ಟಿಲುದಾರಿಗಳಿವೆ ಎಂದು ಕೇಳಿದೆ. ನಕ್ಷೆಯಲ್ಲಿ ಇದ್ದದ್ದು ಎರಡು. ಎರಡೂ ಒಂದೇ ಮಗ್ಗುಲಿಗೆ.

ನಕ್ಷೆ ಬರೆದ ಹುಡುಗಿ ಎದ್ದು ಬಂದು ಪಕ್ಕದಲ್ಲಿ ಕುಳಿತಳು. "ಅಂಕಲ್, ಕೆಳಗೆ ಪಾರ್ಕಿಂಗ್ ಮಾತ್ರ ಇಟ್ಟು ಅಂಗಡಿಗಳನ್ನ ರಸ್ತೆ ಮಟ್ಟಕ್ಕೆ ತಂದರೆ?" ಎಂದು ಕೇಳಿ, ಹಾಳೆಯ ಅಂಚಿನಲ್ಲೇ ಪೆನ್ಸಿಲ್‌ನಿಂದ ಅಗಲವಾದ ಕಟ್ಟೆಯೊಂದನ್ನೂ ಅದರ ಹಿಂದೆ ಮಳಿಗೆಗಳ ಸಾಲನ್ನೂ ಗೀಚಿದಳು. ಮಾರಾಟಕ್ಕೆ ಸಿಗುವ ಚದರಡಿ ಕಡಿಮೆಯಾಗುತ್ತದೆ ಎಂದು ಅವಳ ಹಿಂದೆ ನಿಂತಿದ್ದವರು ಹೇಳಿದರು. ಹಾಗಿದ್ದರೂ ಅಭಿಪ್ರಾಯದ ಹಾಳೆಯಲ್ಲಿ ನಾನೂ ಆ ಅಜ್ಜಿಯೂ ಅದನ್ನೇ ಬರೆದು ಸಹಿ ಹಾಕಿದೆವು.

ತಂಗಿಯ ಮಗನಿಗೆ ಬೇಡ ಎಂದು ನಾನು ಹೇಳಲಿಲ್ಲ. ಸಂಜೆ ಆರಕ್ಕೆ ಆ ಖಾಲಿ ಜಾಗದ ಮುಂದೆ ಅವನನ್ನು ನಿಲ್ಲಿಸಿಕೊಂಡು, ಹೋಗಿ ಬರುವವರನ್ನು ಒಂದು ಗಂಟೆ ಎಣಿಸೋಣ ಎಂದೆ. ಅವನು ಚೀಟಿಯ ಮೇಲೆ ಗೆರೆ ಎಳೆಯುತ್ತಾ ಹೋದ. ನಡೆದು ಹೋಗುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಬೈಕು, ಸ್ಕೂಟರಿನವರು. ಮೂಲೆಯ ಮಂಡಕ್ಕಿ-ಮಿರ್ಚಿ ಗಾಡಿಯ ಬಳಿ ಮಾತ್ರ ಅವರು ನಿಲ್ಲುತ್ತಿದ್ದರು. ಅಲ್ಲಿಯೂ ಕೆಳಗಿಳಿಯದೆ, ಒಂದು ಕಾಲು ನೆಲಕ್ಕೂರಿ, ಪೊಟ್ಟಣ ಕಟ್ಟಿಸಿಕೊಂಡು ಹೊರಡುತ್ತಿದ್ದರು.

"ಮಾವ, ಇವರು ಮೆಟ್ಟಿಲು ಇಳಿಯೋರಲ್ಲ" ಎಂದು ಅವನೇ ಹೇಳಿದ. ಚೆಕ್ಕು ಅವನ ಜೇಬಿನಲ್ಲೇ ಉಳಿಯಿತು. ಮರುದಿನ ಆ ಹುಡುಗಿಗೆ ಫೋನ್ ಮಾಡಿ, ರಸ್ತೆ ಮಟ್ಟದ ಸಾಲು ಆಗುವುದಾದರೆ ಎಂಬತ್ತು ಚದರಡಿಯಾದರೂ ಸಾಕು, ತನ್ನ ಹೆಸರು ಮೊದಲು ಬರೆದುಕೊಳ್ಳಿ ಎಂದು ಹೇಳಿದನಂತೆ.