ಹಸಿರು ಬಾಣಕ್ಕೆ 18 ಸಾವಿರ

ತಮ್ಮನ ಮಗ ಬೆಂಗಳೂರಿನಿಂದ ದಾವಣಗೆರೆಗೆ ಬಂದಿದ್ದ. ಡಿಮ್ಯಾಟ್ ಖಾತೆ ತೆರೆದು ಇನ್ನೂ ಮೂರು ತಿಂಗಳು. ಬೆಣ್ಣೆ ದೋಸೆ ತಿನ್ನುತ್ತಾ "ದೊಡ್ಡಪ್ಪ, ಷೇರು ಅನಾಲಿಸಿಸ್‌ಗೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ಎಂದ. ನನಗೆ ಹಳೇ ಗಾಯ ನೆನಪಾಯಿತು.

ಕೆಲವು ವರ್ಷದ ಹಿಂದೆ ಇಲ್ಲೇ ಪಿ.ಬಿ. ರಸ್ತೆಯ ಒಂದು ಹೋಟೆಲ್‌ನಲ್ಲಿ ಉಚಿತ ತರಬೇತಿ ಅಂತ ಕರೆದಿದ್ದರು. ಪರದೆ ಮೇಲೆ ಚಾರ್ಟ್. ಬೆಲೆ ತಳ ಮುಟ್ಟಿದಲ್ಲೆಲ್ಲ ಕೊಳ್ಳು ಅನ್ನೋ ಹಸಿರು ಬಾಣ, ತುದಿಯಲ್ಲೆಲ್ಲ ಮಾರು ಅನ್ನೋ ಕೆಂಪು ಬಾಣ, ಒಂದೂ ತಪ್ಪಿಲ್ಲ. 18 ಸಾವಿರ ಕೊಟ್ಟು ಆ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ಗೆ ಹಾಕಿಸಿಕೊಂಡೆ. ಎರಡು ವಾರ ಕಳೆದ ಮೇಲೆ ಅನುಮಾನ ಬಂತು. ಯಾವ ಬಾಣ ನೋಡಿ ಷೇರು ಕೊಂಡಿದ್ದೆನೋ ಅದು ಮರುದಿನ ಅಲ್ಲಿರಲೇ ಇಲ್ಲ, ಇನ್ನೂ ಕೆಳಗಿನ ಬೆಲೆಗೆ ಹೋಗಿ ಕೂತಿತ್ತು! ಆಮೇಲೆ ದಿನಾ ಸಂಜೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟು ಹೋಲಿಸಿದಾಗ ಕಳ್ಳಾಟ ಗೊತ್ತಾಯಿತು. ಇದಕ್ಕೆ ರೀಪೇಂಟ್ ಅನ್ನುತ್ತಾರೆ. ಬೆಲೆಯ ಏರಿಳಿತ ಗುರುತಿಸೋ ಜಿಗ್‌ಜಾಗ್‌ನಂಥ ಇಂಡಿಕೇಟರ್‌ಗಳು ಮುಂದಿನ ಬೆಲೆ ಬಂದ ಮೇಲೆ ತಮ್ಮ ಕೊನೆಯ ಗುರುತನ್ನು ಬದಲಿಸಿಕೊಳ್ಳುತ್ತವೆ, ಹಾಗಾಗಿ ಹಳೇ ಚಾರ್ಟ್ ಯಾವಾಗಲೂ ಚೆಂದ. ಮಳೆ ಬಂದು ಹೋದ ಮೇಲೆ ಇವತ್ತು ಮಳೆ ಇತ್ತು ಅಂತ ಭವಿಷ್ಯ ಹೇಳಿದ ಹಾಗೆ.

ಇನ್ನೊಂದು ದುಡ್ಡು ದಂಡ, ಲೈವ್ ಡೇಟಾ. ಮಾರುಕಟ್ಟೆ ನಡೆಯುವುದು 9:15ರಿಂದ 3:30. ಆ ಹೊತ್ತಿಗೆ ನಾನು ಅಂಗಡಿ ಗಲ್ಲಾ ಮೇಲೆ ಇರುತ್ತೇನೆ, ಹುಡುಗ ಆಫೀಸ್‌ನಲ್ಲಿ. ವರ್ಷಗಟ್ಟಲೆ ಇಟ್ಟುಕೊಳ್ಳೋ ಷೇರಿಗೆ ಸೆಕೆಂಡ್ ಸೆಕೆಂಡಿನ ಬೆಲೆ ಯಾಕೆ ಬೇಕು? ದಿನದ ಬೆಲೆಗಳ ಪಟ್ಟಿಯನ್ನು ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯೇ ಸಂಜೆ ಪುಕ್ಕಟೆ ಹಾಕುತ್ತದೆ, ಭಾವ್‌ಕಾಪಿ ಅಂತ. (ಮುಂದಿನ ಬೆಲೆಯ ಮೇಲೆ ಪಣ ಕಟ್ಟೋ ಆಪ್ಷನ್ಸ್ ಆಡೋಕೆ ಸಾಫ್ಟ್‌ವೇರ್ ಬೇಕು ಅನ್ನೋರು ನನ್ನನ್ನು ಕೇಳಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಅಂದರೆ ಎಫ್ ಅಂಡ್ ಓ ಆಡಿದ ಸಣ್ಣ ಹೂಡಿಕೆದಾರರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ.)

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವವರು ಮೇಲಿನ ಕಾಳು ನೋಡಿ ರೇಟು ಹೇಳುವುದಿಲ್ಲ. ರಾಶಿಯೊಳಗೆ ಕೈ ಹಾಕಿ ತೇವ ನೋಡುತ್ತಾರೆ. ಸಾಫ್ಟ್‌ವೇರ್‌ನೂ ಹಾಗೇ ನೋಡಬೇಕು. ಉದಾಹರಣೆಗೆ, ರಿಲಯನ್ಸ್ ಒಂದು ಷೇರಿಗೆ ಇನ್ನೊಂದನ್ನು ಪುಕ್ಕಟೆ ಬೋನಸ್ ಕೊಟ್ಟಿದ್ದರಿಂದ 2024ರ ಅಕ್ಟೋಬರ್ 28ರಂದು ಅದರ ಬೆಲೆ ಅರ್ಧಕ್ಕೆ ಇಳಿಯಿತು, ಸುಮಾರು 2,650 ಇದ್ದದ್ದು ಸುಮಾರು 1,330. ಯಾರಿಗೂ ನಷ್ಟ ಆಗಿಲ್ಲ, ಷೇರು ಎರಡಾಯಿತು ಅಷ್ಟೇ. ಚಾರ್ಟ್‌ನಲ್ಲಿ ಆ ದಿನ ಪಾತಾಳಕ್ಕೆ ಬಿದ್ದ ಹಾಗೆ ಕಂಡರೆ ಆ ಸಾಫ್ಟ್‌ವೇರ್ ಹಳೇ ಬೆಲೆಗಳನ್ನು ಬೋನಸ್‌ಗೆ ತಕ್ಕಂತೆ ಸರಿಪಡಿಸಿಲ್ಲ ಎಂದರ್ಥ. ಅಂಥದ್ದರ ಮೇಲೆ ಲೆಕ್ಕ ಹಾಕಿದ ಸರಾಸರಿ, ಬೆಲೆಯ ವೇಗ ಅಳೆಯೋ ಆರ್‌ಎಸ್‌ಐ ಎಲ್ಲಾ ಸುಳ್ಳು. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಕಂಪನಿಯ ವಾರ್ಷಿಕ ವರದಿ ತೆಗೆದು, ಸಾಫ್ಟ್‌ವೇರ್ ತೋರಿಸೋ ಲಾಭ, ಸಾಲ ಎರಡನ್ನೂ ಅದರ ಜೊತೆ ತಾಳೆ ನೋಡಿ. ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕವೋ, ಬರೀ ತಾಯಿ ಕಂಪನಿಯದೋ ಅನ್ನೋದು ಸ್ಪಷ್ಟವಾಗಿ ಕಾಣಬೇಕು. ಬ್ಯಾಂಕನ್ನು ಸಾಲ ಜಾಸ್ತಿ ಅಂತ ಜರಡಿಯಿಂದ ಆಚೆ ಹಾಕುವ ಸಾಫ್ಟ್‌ವೇರ್ ಬೇಡವೇ ಬೇಡ. ಜನರ ಠೇವಣಿಯೂ ಬ್ಯಾಂಕಿಗೆ ಸಾಲವೇ, ಅದೇ ಅದರ ಕಚ್ಚಾ ಮಾಲು ಅಲ್ವಾ?

ಕೊನೆಗೆ ಹುಡುಗನಿಗೆ ಹೇಳಿದ್ದು ಎರಡೇ ವೆಬ್‌ಸೈಟ್. ಕಂಪನಿಗಳ ಲೆಕ್ಕಪತ್ರಕ್ಕೆ ಸ್ಕ್ರೀನರ್, ಚಾರ್ಟ್‌ಗೆ ಟ್ರೇಡಿಂಗ್‌ವ್ಯೂ, ಎರಡರಲ್ಲೂ ಪುಕ್ಕಟೆ ಸಿಗುವಷ್ಟೇ ಸಾಕು. ಸ್ಕ್ರೀನರ್‌ನಲ್ಲಿ ಪಿಇ (ಷೇರಿನ ಬೆಲೆ ಅದರ ವರ್ಷದ ಲಾಭದ ಎಷ್ಟು ಪಟ್ಟು ಅನ್ನೋದು) 15ಕ್ಕಿಂತ ಕಡಿಮೆ, ಬಂಡವಾಳದ ಮೇಲಿನ ಗಳಿಕೆ ನೂರಕ್ಕೆ 22ಕ್ಕಿಂತ ಜಾಸ್ತಿ ಅಂತ ಷರತ್ತು ಬರೆದರೆ ಪಟ್ಟಿ ಬರುತ್ತದೆ.

ನಿನ್ನೆ ರಾತ್ರಿ ಪಟ್ಟಿ ಕಳಿಸಿದ. ಮೊದಲನೇ ಕಂಪನಿಯ ಪಿಇ 4. "ದೊಡ್ಡಪ್ಪ, ಇಷ್ಟು ಅಗ್ಗಕ್ಕೆ ಸಿಗ್ತಿದೆ!" ನೋಡಿದರೆ ಆ ವರ್ಷ ಜಾಗ ಮಾರಿ ಒಂದೇ ಸಲಕ್ಕೆ ಬಂದ ದುಡ್ಡೇ ಲಾಭದಲ್ಲಿ ಮುಕ್ಕಾಲು ಪಾಲು. ನಾನು ಅದನ್ನು ಹೇಳಲಿಲ್ಲ. ಇತರೆ ಆದಾಯದ ಸಾಲು ಒಂದು ಸಲ ನೋಡಪ್ಪ ಅಂತಷ್ಟೇ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.